ಬಾವಿಗೆ ಬಿದ್ದ ಕಾವಲಿ, ಬಿಟ್ಟುಕೊಟ್ಟ ಅಯಸ್ಕಾಂತ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಮ್ಮತ್ತೆಯ ದೋಸೆ ಕಾವಲಿಯನ್ನು ಬಾವಿಗೆ ಬೀಳಿಸಿದವನು ನಾನು. ಎರಡನೆಯ ಸಲ ಬೀಳಿಸಿದವನೂ ನಾನೇ! ಆದರೂ ಹಲಸೂರಿನ ನಮ್ಮ ವಠಾರದಲ್ಲಿ ಹುಚ್ಚನೆಂಬ ಬಿರುದು ಸಿಕ್ಕಿದ್ದು ಅತ್ತೆಯ ಗಂಡನಿಗೆ, ಅಂದರೆ ನನ್ನ ಸೋದರಮಾವನಿಗೆ. ನ್ಯಾಯ ಎಲ್ಲಿದೆ ಹೇಳಿ?

ಮಾವ ಬಾಯಿ ಬಿಡುವ ಮುನ್ನ ಗಂಟಲು ಕೆರೆದುಕೊಳ್ಳುತ್ತಿದ್ದರು, ಬಲಗೈ ಎತ್ತುತ್ತಿದ್ದರು, ಆಮೇಲೆ ಮಾತು ಮೂಗಿನಿಂದ ಹೊರಡುತ್ತಿತ್ತು. ಅಣಕಿಸುವುದನ್ನೇ ಕಸುಬು ಮಾಡಿಕೊಂಡಿದ್ದ ನನ್ನಂಥವನಿಗೆ ಅದು ಹಬ್ಬದೂಟ! ತೊಂಬತ್ತರ ದಶಕದ ಕೊನೆಯ ಒಂದು ಆಯುಧಪೂಜೆಯ ಬೆಳಿಗ್ಗೆ ಅತ್ತೆ, ಮನೆಯ ಕಬ್ಬಿಣದ ಸಾಮಾನನ್ನೆಲ್ಲ ತೊಳೆದು, ಕುಂಕುಮ ಇಡುವ ಮೊದಲು ಒಣಗಲೆಂದು ಬಾವಿಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ಪಕ್ಕದ ಮನೆಯ ಆಟೋ ಅಣ್ಣನಿಗೆ ಮಾವನ ಅಣಕು ತೋರಿಸುತ್ತಾ ನಾನು ಬಲಗೈ ಎತ್ತಿದೆ. ಮೊಣಕೈ ತಗುಲಿತು. ಗುಳುಂ!

ಅದು ಅತ್ತೆಗೆ ಅವರ ತಾಯಿ ಕೊಟ್ಟಿದ್ದ ಕಾವಲಿ. ಆ ತಾಯಿ ಅದೇ ವರ್ಷ ತೀರಿಕೊಂಡಿದ್ದರು. ಅತ್ತೆ ಬೈಯಲಿಲ್ಲ. ಬೈದಿದ್ದರೆ ನಾವು ಬದುಕುತ್ತಿದ್ದೆವು! ಸುಮ್ಮನೆ ಒಳಗೆ ಹೋಗಿ ಉಪ್ಪಿಟ್ಟು ಮಾಡಿದರು. ಮರುದಿನವೂ ಉಪ್ಪಿಟ್ಟು. ಅದರ ಮರುದಿನ? ಕೇಳಬೇಡಿ.

ಕೊಡ ಬಿದ್ದರೆ ಪಾತಾಳಗರಡಿ ಇಳಿಸಿ, ಅದರ ಕೊಕ್ಕೆಗೆ ಸಿಕ್ಕಿಸಿ ಎತ್ತಬಹುದು. ಹಿಡಿಯಿಲ್ಲದ ಈ ಬೋಳು ಕಾವಲಿಯ ಯಾವ ಜುಟ್ಟು ಹಿಡಿಯುವುದು? ಸಾಲದ್ದಕ್ಕೆ, ವಠಾರಕ್ಕೆ ಬೋರ್‌ವೆಲ್ ಬಂದಿದ್ದರಿಂದ ದೀಪಾವಳಿಯ ಮರುದಿನವೇ ಬಾವಿ ಮುಚ್ಚಿಸುವುದಾಗಿ ಮಾಲೀಕರು ಹೇಳಿಬಿಟ್ಟಿದ್ದರು.

"ಅಯಸ್ಕಾಂತ!" ಎಂದರು ಮಾವ, ಬಲಗೈ ಎತ್ತಿ.

ಶಿವಾಜಿನಗರದ ಗುಜರಿಯಿಂದ ಹಳೇ ಮೋಟಾರಿನ ತಾಮ್ರದ ತಂತಿ ಬಂತು. ಆಟೋ ಅಣ್ಣ ಬ್ಯಾಟರಿ ಕೊಟ್ಟ. ಮಾವ ತಂತಿಯನ್ನು ಮೊದಲು ಸುತ್ತಿದ್ದು ಚಪಾತಿ ಲಟ್ಟಣಿಗೆಗೆ! ಅದು ಒಂದು ಗುಂಡುಸೂಜಿಯನ್ನು ಎತ್ತಿತು, ಅದನ್ನೂ ಒಲ್ಲದ ಮನಸ್ಸಿನಿಂದ. ಹಿತ್ತಾಳೆಯ ಕುಟ್ಟಾಣಿಗೆ ಸುತ್ತಿದರು. ಅದೇ ಗುಂಡುಸೂಜಿ, ಅದೇ ಸೋಮಾರಿತನ.

"ತಂತಿ ಅದೇ, ಸುತ್ತು ಅಷ್ಟೇ, ಕರೆಂಟೂ ಅಷ್ಟೇ. ಹೊಟ್ಟೇಲಿ ಏನಿದೆ ಅನ್ನೋದೇ ಮುಖ್ಯ ಕಣೋ!"

"ನಮ್ಮ ಹೊಟ್ಟೇಲಿರೋದು ಉಪ್ಪಿಟ್ಟು, ಮಾವ."

ಮೂರನೆಯದು ಗರಗಸ ಮಸೆಯುವ ಉಕ್ಕಿನ ಅರ. ಮೊಳೆಗಳು ಹಾರಿ ಬಂದು ಕಚ್ಚಿಕೊಂಡವು. ನಾವು ಕುಣಿದೆವು. ಸ್ವಿಚ್ ಆರಿಸಿದರೂ ಅರ್ಧ ಮೊಳೆಗಳು ಜೋತುಕೊಂಡೇ ಇದ್ದವು.

"ಬಿಡ್ತಾನೇ ಇಲ್ವಲ್ಲ ಗುರು, ಸಿಗ್ನಲ್ ಪೊಲೀಸ್ ಥರ!" ಎಂದ ಆಟೋ ಅಣ್ಣ.

ಮಾವನಿಗೆ ಸಮಾಧಾನವಿಲ್ಲ. "ಉಕ್ಕು ಹಠಮಾರಿ. ಹಿಡಿದಿದ್ದು ಬಿಡಲ್ಲ ನಿಜ, ಆದ್ರೆ ಎಳೆಯೋ ಶಕ್ತಿ ಸಾಲಲ್ಲ. ಮೆದು ಕಬ್ಬಿಣ ಬೇಕು. ಕರೆಂಟ್ ಬಂದ ಕೂಡ್ಲೆ ಪೂರ್ತಿ ಎಳೀಬೇಕು, ಹೋದ ಕೂಡ್ಲೆ ಪೂರ್ತಿ ಬಿಡ್ಬೇಕು. ಅದು ಕಣೋ ಗುಣ!"

ಮರುದಿನ ಅಡುಗೆಮನೆಯ ಕಿಟಕಿಯಲ್ಲಿ ಒಂದು ಸರಳು ಕಾಣೆ! ಅದನ್ನು ತುಂಡು ಮಾಡಿ, ಕಂತೆ ಕಟ್ಟಿ, ತಂತಿ ಸುತ್ತಿ, ನೀರು ನುಗ್ಗದಂತೆ ಸೈಕಲ್ ಟ್ಯೂಬು ತೊಡಿಸಿದ್ದರು. ಸ್ವಿಚ್ ಒತ್ತಿದ್ದೇ ತಡ, ಅದು ಈಳಿಗೆಮಣೆಯ ಅಲಗನ್ನು ಕಚ್ಚಿಕೊಂಡಿತು; ನಾವಿಬ್ಬರು ಜಗ್ಗಿದರೂ ಬರಲಿಲ್ಲ. ಇತ್ತ ಸರಳಿಲ್ಲದ ಕಿಟಕಿಯಿಂದ ಬೆಕ್ಕು ಬಂದು ಹಾಲು ಕುಡಿದು ಹೋಯಿತು. ಈಗ ಉಪ್ಪಿಟ್ಟಿನ ಜೊತೆಗೆ ಕರೀ ಕಾಫಿ!

ದೀಪಾವಳಿಯ ಸಂಜೆ. ಕೊನೆಯ ಅವಕಾಶ. ಗೋಡೆಯಾಚೆ, ಬಾವಿ ಕಾಣದ ಕಡೆ, ಸ್ವಿಚ್ಚಿನ ಬಳಿ ಆಟೋ ಅಣ್ಣ. "ಕಾವಲಿ ಕಟ್ಟೆ ಮೇಲೆ ಬಂದ್ಮೇಲೆ ನಾನು 'ಬಿಡು' ಅಂತೀನಿ. ನನ್ನ ದನಿ ಕೇಳಿದ್ರೆ ಮಾತ್ರ ಆಫ್ ಮಾಡಪ್ಪ," ಎಂದು ಮಾವ ಹಗ್ಗ ಇಳಿಸಿದರು. ತುಕ್ಕು ಹಿಡಿದ ಬೀಗ ಬಂತು, ಬಕೆಟ್ಟಿನ ಹಿಡಿ ಬಂತು. ಮತ್ತೆ ಇಳಿಸಿದಾಗ ಹಗ್ಗ ಭಾರವಾಯಿತು. ಕಪ್ಪು ಅಂಚೊಂದು ನೀರು ಬಿಟ್ಟು ಮೇಲೆದ್ದಿತು. ಅಷ್ಟು ದಿನ ಬಾವಿಯ ಕಡೆ ತಿರುಗಿಯೂ ನೋಡದ ಅತ್ತೆ ಹೊಸ್ತಿಲಿಗೆ ಬಂದು ನಿಂತರು.

ಕಾವಲಿ ಕಟ್ಟೆ ಮುಟ್ಟಲು ಇನ್ನೊಂದು ಮೊಳ ಇತ್ತು. ನನಗೆ ಸಂತೋಷ ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದವರನ್ನು ನಗಿಸೋಣವೆಂದು ಗಂಟಲು ಕೆರೆದು, ಬಲಗೈ ಎತ್ತಿ, ಮೂಗಿನಿಂದ ಹೇಳಿದೆ: "ಬಿಡು!"

ಆಟೋ ಅಣ್ಣ ನಂಬಿಕಸ್ಥ. ಬಿಟ್ಟ. ಹಾಳು ಉಕ್ಕಾಗಿದ್ದರೆ ಒಂದು ಗಳಿಗೆಯಾದರೂ ಹಠ ಹಿಡಿಯುತ್ತಿತ್ತೇನೋ! ಮೆದು ಕಬ್ಬಿಣ ಮಾತ್ರ ಮಾವ ಹೊಗಳಿದ ಗುಣವನ್ನು ಚಾಚೂ ತಪ್ಪದೆ ತೋರಿಸಿತು. ಗುಳುಂ!

ಮತ್ತೆ ಮತ್ತೆ ಇಳಿಸಿದೆವು. ಕಾವಲಿ ಕೆಸರಿನಲ್ಲಿ ಹೂತಿರಬೇಕು. ಬ್ಯಾಟರಿ ಸಾಯುವವರೆಗೂ ಬಂದದ್ದು ಬರೀ ಮೊಳೆ.

ಬೆಳಿಗ್ಗೆ ಮಣ್ಣಿನ ಲಾರಿ ಬಂತು. ಬಾವಿ ತುಂಬುವ ಸದ್ದು ಕೇಳುತ್ತಾ ಮಾವ ಅಯಸ್ಕಾಂತವನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಅತ್ತೆ ಬಂದಾಗ ಗಂಟಲು ಕೆರೆಯಲಿಲ್ಲ, ಕೈ ಎತ್ತಲಿಲ್ಲ. ಅಣಕಿಸುವುದಕ್ಕೆ ಅವರಲ್ಲಿ ಏನೂ ಉಳಿದಿರಲಿಲ್ಲ.

"ನಿಮ್ಮಮ್ಮಂದು ಅದೊಂದೇ ಇತ್ತು. ತಂದ್ಕೊಡಕ್ಕಾಗ್ಲಿಲ್ಲ ಕಣೇ," ಎಂದರು, ಯಾರದೋ ದನಿಯಲ್ಲಿ.

ಅತ್ತೆಯ ಕೈಯಲ್ಲಿ ಆಟೋ ಅಣ್ಣನ ಮನೆಯಿಂದ ಇಸಿದುಕೊಂಡು ಬಂದ ಕಾವಲಿ ಇತ್ತು.

"ಬಾವಿಗೆ ಬಿದ್ದಿದ್ದು ಕಾವಲಿ ಕಣ್ರೀ, ದೋಸೆ ಹುಯ್ಯೋಕೆ ಅಮ್ಮ ಕಲಿಸಿದ ಕೈಯಲ್ಲ. ಏಳಿ, ಬೆಕ್ಕು ಬರೋಷ್ಟರಲ್ಲಿ ಆ ಕಿಟಕಿಗೊಂದು ಸರಳು ಹಾಕಿ."