ಗುಡ್ಡದ ಮನೆಗೆ ದೊಡ್ಡೋರು ಬಂದದ್ದು

ಇಪ್ಪತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವಳಿಗೆ ಗಾಬರಿ ಅನ್ನೋದು ಸಂಬಳದ ಹಾಗೆ, ತಿಂಗಳು ತಿಂಗಳು ತಪ್ಪದೆ ಬರುತ್ತದೆ. ಆದರೆ ವರ್ಷಕ್ಕಾಗುವಷ್ಟು ಗಾಬರಿ ಒಂದೂವರೆ ದಿನದಲ್ಲಿ ಒಟ್ಟಿಗೆ ಸಿಕ್ಕಿದ್ದು ಒಂದೇ ಸಲ. ಏಳನೇ ಕ್ಲಾಸಿನ ಹದಿನೆಂಟು ಮಕ್ಕಳನ್ನು ಗುಡ್ಡ ಹತ್ತಿಸಿ, ಮೇಲಿನ ಮನೆಯಲ್ಲಿ ಒಂದು ರಾತ್ರಿ ಇರಿಸಿಕೊಂಡು ಬರುತ್ತೇನೆ ಅಂತ ನಾನೇ ನನ್ನ ಬಾಯಾರೆ ಹೇಳಿದಾಗ.

ನಮ್ಮ ಶಾಲೆ ರಾವಂದೂರು ಹೋಬಳಿಯಲ್ಲಿ. ಗುಡ್ಡ ಇರುವುದು ಎಚ್.ಡಿ. ಕೋಟೆ ಕಡೆ, ಕಾಡಿನಂಚಿನಲ್ಲಿ. ನಮ್ಮ ಡ್ರಿಲ್ ಮೇಷ್ಟ್ರ ಭಾವಮೈದನ ಜಮೀನು ಅದು. ತುದಿಯಲ್ಲಿ ಒಂದು ಉದ್ದನೆ ಕೋಣೆ, ಹಂಚಿನ ಮಾಡು, ಮುಂದೆ ಜಗಲಿ. ಹದಿನೆಂಟರಲ್ಲಿ ಹನ್ನೊಂದು ಹೆಣ್ಣುಮಕ್ಕಳು. ನೆಂಟರ ಮದುವೆ ಮನೆ ಬಿಟ್ಟರೆ ಬೇರೆಲ್ಲೂ ರಾತ್ರಿ ಉಳಿದವರಲ್ಲ. ಅವರ ಮುಖ ನೋಡಿಯೇ ನಾನು ಹಟ ಹಿಡಿದದ್ದು.

ಒಪ್ಪಿಗೆ ಪತ್ರ

ಮೊದಲು ಪೋಷಕರ ಒಪ್ಪಿಗೆ ಬೇಕಲ್ಲ. ಬೋರ್ಡಿನ ಮೇಲೆ ಒಂದು ಮಾದರಿ ಬರೆದು, ನೋಡಿಕೊಂಡು ಬರೆದು ಅಪ್ಪನ ಹತ್ತಿರ ಸಹಿ ಹಾಕಿಸಿಕೊಂಡು ಬನ್ನಿ ಅಂದೆ. "ಒಂದು ರಾತ್ರಿಯ ಚಾರಣಕ್ಕೆ ಕಳುಹಿಸಲು ನನ್ನ ಸಂಪೂರ್ಣ ಒಪ್ಪಿಗೆ ಇದೆ" ಅಂತ. ಚಾರಣ ಅನ್ನೋ ಮಾತು ಮಕ್ಕಳಿಗೆ ಹೊಸದು. ಇನ್ನು ನನ್ನ ಕೈಬರಹ ಎಂಥದ್ದು ಅನ್ನೋದು ಸಾಮಾನಿನ ಚೀಟಿ ಓದುವ ಅಂಗಡಿಯವನಿಗೆ ಗೊತ್ತು. ಸಾಸಿವೆ ಅಂತ ಬರೆದರೆ ಸಾಬೂನು ಕಳಿಸುತ್ತಾನೆ.

ಹದಿನೆಂಟು ಪತ್ರಗಳೂ ಬಂದವು. ಮುಖ್ಯೋಪಾಧ್ಯಾಯರು ಓದದೆ ಮೊಹರು ಒತ್ತಿ ಮೇಲಿನ ಕಚೇರಿಗೆ ಕಳಿಸಿದರು. ಮೂರನೇ ದಿನ ಅಲ್ಲಿಂದ ಶಿಕ್ಷಣಾಧಿಕಾರಿ ಸಾಹೇಬರ ಫೋನು.

"ಮೇಡಂ, ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗ್ತಿದೀರಿ?"

"ಚಾರಣಕ್ಕೆ ಸರ್."

"ಇಲ್ಲಿ ಬೇರೆ ಏನೋ ಬರೆದಿದೆಯಲ್ರೀ," ಅಂತ ಓದಿ ಹೇಳಿದರು. "ನನ್ನ ಮಗಳನ್ನು ಒಂದು ರಾತ್ರಿಯ ಮರಣಕ್ಕೆ ಕಳುಹಿಸಲು ನನ್ನ ಸಂಪೂರ್ಣ ಒಪ್ಪಿಗೆ ಇದೆ. ಇದಕ್ಕೆ ಶಾಲೆಯವರು ಜವಾಬ್ದಾರರಲ್ಲ."

ಅಂಥವು ಐದು ಪತ್ರ ಇದ್ದವಂತೆ. ಒಂದೇ ಬೆಂಚಿನವರು, ಒಬ್ಬರದ್ದು ನೋಡಿ ಒಬ್ಬರು ಬರೆದಿದ್ದರು.

ಸಾಹೇಬರು ಕೊನೆಗೆ ಹೇಳಿದ್ದು ಇಷ್ಟು: "ಭಾನುವಾರ ನಾನೇ ಬಂದು ನೋಡ್ತೀನಿ. ಹದಿನೆಂಟೂ ಮಕ್ಕಳು ಸರಿಯಾಗಿದ್ರೆ ಪ್ರತಿ ವರ್ಷ ಕಳಿಸೋಣ. ಒಂದು ಕಾಡುಪ್ರಾಣಿ ಹತ್ತಿರ ಸುಳೀತು ಅಂತ ಗೊತ್ತಾದ್ರೂ ಇದೇ ಮೊದಲು, ಇದೇ ಕೊನೆ." ಆರನೇ ಕ್ಲಾಸಿನವರು ಆಗಲೇ 'ಮುಂದಿನ ವರ್ಷ ನಾವು' ಅಂತ ಕುಣಿಯುತ್ತಿದ್ದರು. ಅವರ ಪಾಲಿನ ಗುಡ್ಡವೂ ಈಗ ನನ್ನ ತಲೆ ಮೇಲೆ ಬಂತು.

ಆ ಐದರಲ್ಲಿ ಒಬ್ಬಳ ಅಪ್ಪ ಸಂತೆಯಲ್ಲಿ ಸಿಕ್ಕಿದ. ಓದದೆ ಸಹಿ ಹಾಕಿದಿರಾ ಅಂತ ರೇಗಿದೆ.

"ಓದ್ಕಂಡೇ ಕಣ್ ಮೇಡಂ," ಅಂದ. "ಒಂದೇ ರಾತ್ರೀದು ಅಂತಿತ್ತಲ್ಲ, ಬುಡು ಓಗ್ಬರ್ಲಿ ಅಂತ ಆಕ್ದೆ."

ಅಲಾರಂ

ನಿಯಮಗಳನ್ನು ಡ್ರಿಲ್ ಮೇಷ್ಟ್ರು ಓದಿ ಹೇಳಿದ್ದರು. ಮೊಬೈಲ್ ತರುವಂತಿಲ್ಲ. ಬೆಳಿಗ್ಗೆ ಐದಕ್ಕೆ ತಾವಾಗಿಯೇ ಏಳಬೇಕು. ಅಗತ್ಯ ಸಾಮಾನು ಮಾತ್ರ.

ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದೆವು. ಹುಣಸೂರು ದಾಟಿದ ಮೇಲೆ ಹಿಂದಿನ ಸೀಟಿನಲ್ಲಿದ್ದ ಒಂದು ಚೀಲ ತಾನಾಗಿ ಎದ್ದು ಪಕ್ಕಕ್ಕೆ ಬಿತ್ತು. ಹಾವೇ ಇರಬೇಕು ಅಂದುಕೊಂಡು ನಾನು ಸೀಟಿನ ಮೇಲೆ ಕಾಲು ಮಡಚಿ ಕೂತೆ. ಕಂಡಕ್ಟರು ಧೈರ್ಯಸ್ಥ, ಜಿಪ್ ಎಳೆದ. ಒಳಗಿಂದ ಒಂದು ಹುಂಜ ಕತ್ತು ಹೊರಗೆ ಹಾಕಿ ಎಲ್ಲರನ್ನೂ ಒಂದು ಸುತ್ತು ನೋಡಿತು.

"ಯಾರದೋ ಇದು?"

ಚೀಲದ ಒಡೆಯ ಎದ್ದು ನಿಂತ. "ನಂದು ಮೇಡಂ."

"ಅಗತ್ಯ ಸಾಮಾನು ಮಾತ್ರ ಅಂದಿರಲಿಲ್ವೇನೋ?"

"ಮೊಬೈಲ್ ತರಬಾರ್ದು ಅಂದ್ರಿ. ಐದಕ್ಕೆ ಏಳ್ಬೇಕು ಅಂತಾನೂ ಅಂದ್ರಿ," ಅಂದ ಅವನು. "ಇನ್ನೇನ್ ತರ್ಲಿ ಮೇಡಂ?"

ಬಸ್ಸು ಇಳಿದ ಕಡೆ ಒಂದು ಟೀ ಅಂಗಡಿ ಇತ್ತು. ಅಂಗಡಿಯವನ ಕೈಕಾಲು ಹಿಡಿದು ಹುಂಜವನ್ನು ಅಲ್ಲೇ ಕಟ್ಟಿಸಿದೆ. ಮಾರನೆಯ ದಿನ ವಾಪಸ್ ಬಂದಾಗ ಅವನು ಕೆಂಪಗಿನ ಕಣ್ಣಿನಲ್ಲಿ ಹಗ್ಗ ಬಿಚ್ಚಿ ಕೊಟ್ಟ. "ನಿಮ್ಮ ಮಕ್ಳು ಐದಕ್ಕೆ ಎದ್ರೋ ಇಲ್ವೋ ಗೊತ್ತಿಲ್ಲ ಮೇಡಂ," ಅಂದ. "ನಮ್ಮ ಬೀದಿಯೋರು ಮಾತ್ರ ಎಲ್ಲಾ ಎರಡೂವರೆಗೇ ಎದ್ದು ಕೂತವ್ರೆ."

ಹಾಜರಿ

ದಾರಿ ತೋರಿಸಲು ಹತ್ತಿರದ ಹಾಡಿಯ, ಅಂದರೆ ಕಾಡಿನವರ ಕೇರಿಯ, ಒಬ್ಬ ಅಕ್ಕ ಬಂದಳು. ಐವತ್ತರ ಆಸುಪಾಸು, ಬರಿಗಾಲು, ಸೊಂಟದಲ್ಲಿ ಎಲೆಅಡಿಕೆ ಚೀಲ. ಆ ಕಾಡಂಚಿನಲ್ಲೇ ಹುಟ್ಟಿ ಬೆಳೆದವಳು. ಅವಳು ಮುಂದೆ, ಡ್ರಿಲ್ ಮೇಷ್ಟ್ರು ಹಿಂದೆ, ನಾನು ಹಾಜರಿ ಪುಸ್ತಕ ಹಿಡಿದು ನಡುವೆ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಹಾಜರಿ ಕೂಗುತ್ತಿದ್ದೆ. ಹದಿನೆಂಟು ಹೆಸರು, ಹದಿನೆಂಟು "ಎಸ್ ಮೇಡಂ". ನನ್ನ ಶಿಸ್ತಿನ ಬಗ್ಗೆ ನನಗೇ ಒಂದು ಹೆಮ್ಮೆ.

ನಾಲ್ಕನೇ ಹಾಜರಿ ಮುಗಿಸಿ ಪುಸ್ತಕ ಮುಚ್ಚಿದಾಗ ಅಕ್ಕ ಮೆಲ್ಲಗೆ ಕೇಳಿದಳು: "ಆ ಎರಡು ಜಡೆ ಹುಡ್ಗಿ ಎಲ್ ಓಯ್ತು ಮೇಡಂ?"

ತಿರುಗಿ ನೋಡಿದರೆ ಎರಡು ಜಡೆಯ ಹುಡುಗಿ ಇಲ್ಲ. ಈಗತಾನೆ ಹೆಸರು ಕೂಗಿದ್ದೇನೆ, ಉತ್ತರ ಕೇಳಿದ್ದೇನೆ, ಟಿಕ್ ಹಾಕಿದ್ದೇನೆ. ಡ್ರಿಲ್ ಮೇಷ್ಟ್ರು ಸೀಟಿ ಊದುತ್ತಾ ಕೆಳಗೆ ಓಡಿದರು. ಅವರಿಗಿಂತ ಮೊದಲು ಅಕ್ಕ ಓಡಿ, ಹಳ್ಳದ ಹತ್ತಿರದಿಂದ ಅವಳನ್ನು ಕೈಹಿಡಿದು ಕರೆತಂದಳು. ಲಂಗದ ಮಡಿಲು ತುಂಬ ನೆಲ್ಲಿಕಾಯಿ, ಬಾಯಿ ತುಂಬ ನೆಲ್ಲಿಕಾಯಿ. ಮುಕ್ಕಾಲು ಗಂಟೆಯಿಂದ ಅವಳು ಅಲ್ಲೇ ಇದ್ದಳಂತೆ. ನಾನು ಅವಳನ್ನು ತಬ್ಬಿಕೊಂಡೆ, ಆಮೇಲೆ ಬೈದೆ.

"ಹಾಗಾದ್ರೆ ಎಸ್ ಮೇಡಂ ಅಂದದ್ದು ಯಾರು?"

ಅವಳ ಗೆಳತಿ ತಲೆ ತಗ್ಗಿಸಿ ಮುಂದೆ ಬಂದಳು. "ನಾನೇ ಮೇಡಂ. ಅಭ್ಯಾಸ ಆಗೋಗದೆ."

ಅಭ್ಯಾಸ. ನಮ್ಮ ತರಗತಿಗೆ ಆ ವರ್ಷ ನೂರಕ್ಕೆ ನೂರು ಹಾಜರಾತಿ ಅಂತ ಮೆಚ್ಚುಗೆ ಬಂದಿತ್ತು. ಜೂನಿನಿಂದ ಇಲ್ಲಿಯವರೆಗೆ ಎಷ್ಟು ಸಲ ಹೀಗೆ ಹೇಳಿದ್ದೀಯಾ ಅಂತ ಕೇಳಿದೆ.

"ನಾನ್ ಲೆಕ್ಕ ಇಟ್ಟಿಲ್ಲ ಮೇಡಂ," ಅಂದಳು. "ನಾನು ಬರ್ದೇ ಇದ್ದಾಗ ಅವಳು ಎಷ್ಟ್ ಸಲ ಹೇಳವ್ಳೋ ಅದು ಮಾತ್ರ ಬರ್ದಿಟ್ಟವ್ಳೆ."

ಅಕ್ಕ ಹೇಳಿದ ಸುದ್ದಿ

ಸಂಜೆ ಗುಡ್ಡದ ಮನೆ ಸೇರಿದೆವು. ಮಕ್ಕಳು ಒಳಗೆ ಮುದ್ದೆ ಸಾರು ಉಣ್ಣುತ್ತಿದ್ದರು. ನಾನು ಜಗಲಿಯಲ್ಲಿ ಕಾಲು ಚಾಚಿದೆ. ನಾನು ಹುಟ್ಟಿ ಬೆಳೆದದ್ದು ಸಾಲಿಗ್ರಾಮದ ಕಡೆ ಗದ್ದೆ ಬಯಲಿನಲ್ಲಿ. ಕಾಡು, ಕಾಡಿನವರ ಮಾತು ಎರಡೂ ನನಗೆ ಹೊಸದು. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲವಾದರೆ ಮುಂದಿನದಕ್ಕೆ ನೀವು ನನ್ನನ್ನು ಪೂರ್ತಿ ದಡ್ಡಿ ಅಂದುಕೊಳ್ಳುತ್ತೀರಿ.

ಅಕ್ಕ ಎಲೆಗೆ ಸುಣ್ಣ ಹಚ್ಚುತ್ತಾ ಅಂದಳು: "ಬೆಳಿಗ್ಗೆ ದೊಡ್ಡೋರು ಬಂದ್ರೂ ಬರಬೋದು ಮೇಡಂ. ಮಕ್ಳು ಜ್ವಾಪಾನ."

ನಾನು ಬೆಚ್ಚಿಬಿದ್ದೆ. ಸಾಹೇಬರು ಬರುವ ವಿಷಯ ಡ್ರಿಲ್ ಮೇಷ್ಟ್ರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. "ನಿನಗೆ ಹೇಗೆ ಗೊತ್ತಾಯ್ತು?"

"ನಮ್ಗೆ ಗೊತ್ತಾಗ್ದೆ ಇನ್ಯಾರ್ಗೆ ಗೊತ್ತಾಯ್ತದೆ? ಮೂರು ದಿನದಿಂದ ಈ ಕಡೇನೇ ಓಡಾಡ್ತಾವ್ರೆ."

ಮೂರು ದಿನದಿಂದ. ಅಂದರೆ ನನ್ನ ಬೆನ್ನ ಹಿಂದೆ ವಿಚಾರಣೆಯೇ ನಡೆಯುತ್ತಿದೆ. "ಒಬ್ಬರೇ ಬರ್ತಾರಾ?"

"ಒಂದೊಂದ್ ಸಲ ಒಬ್ರೇ. ಒಂದೊಂದ್ ಸಲ ಹೆಂಗಸ್ರು ಮಕ್ಳು ಎಲ್ಲಾರ್ನೂ ಕಟ್ಕಂಡು ಬತ್ತಾರೆ."

ಸರ್ಕಾರಿ ಜೀಪಿನಲ್ಲಿ ಸಂಸಾರ ಸಮೇತ. ಕೇಳಿ ಮೈ ಉರಿಯಿತು. "ಬಂದು ಏನು ಮಾಡ್ತಾರೆ?"

"ಏನ್ ಮಾಡಾರು. ಸುಮ್ಕೆ ಒಂದು ಸುತ್ತು ಹಾಕ್ತಾರೆ, ನಿಂತ್ಕಂಡು ನೋಡ್ತಾರೆ, ಸಿಕ್ಕಿದ್ದು ತಿಂದ್ಕಂಡು ಓಯ್ತಾರೆ."

ಇದರಲ್ಲಿ ಅನುಮಾನ ಪಡುವಂಥದ್ದು ನನಗೇನೂ ಕಾಣಲಿಲ್ಲ. "ಸಿಟ್ಟು ಬಂದ್ರೆ?"

"ಸಿಟ್ಟು ಬಂದ್ರೆ ಯಾರ್ ಮಾತೂ ಕೇಳಕಿಲ್ಲ. ಓದ್ ವರ್ಷ ಆ ಕಡೆ ಹಾಡೀಲಿ ಅಂಗನವಾಡೀನೇ ಎತ್ಬುಟ್ರು."

ಅಂಗನವಾಡಿ ಎತ್ತಿಬಿಟ್ಟವರಿಗೆ ನನ್ನಂಥ ಒಬ್ಬಳು ಟೀಚರು ಯಾವ ಲೆಕ್ಕ? ಹಾಗಾದರೆ ನಾವೇನು ಮಾಡಬೇಕು ಅಂತ ಕೇಳಿದೆ.

"ದೂರದಿಂದ ಕೈ ಮುಗ್ದು ಸುಮ್ಕಿರಿ. ಎದುರು ಮಾತಾಡಬ್ಯಾಡಿ."

ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ನಾನು ಕಲಿತದ್ದು ಪೂರ್ತಿ ಇಷ್ಟೇ. ಕಚೇರಿಯ ಮುಖವನ್ನೇ ನೋಡದ ಅಕ್ಕನಿಗೆ ಅದು ಹೇಗೆ ಗೊತ್ತಾಯಿತೋ.

ದೊಡ್ಡೋರು

ಬೆಳಿಗ್ಗೆ ಆರೂವರೆ, ಡಿಸೆಂಬರಿನ ಮಂಜು. ಅಕ್ಕ ನನ್ನ ಭುಜ ಅಲ್ಲಾಡಿಸಿದಳು. "ಮೇಡಂ, ದೊಡ್ಡೋರು ಬಂದವ್ರೆ. ಬಾಗ್ಲಲ್ಲೇ ನಿಂತವ್ರೆ."

ಉಳಿದದ್ದು ಕೇಳಿಸಿಕೊಳ್ಳಲು ನನಗೆ ಪುರಸೊತ್ತು ಎಲ್ಲಿ? ಸೆರಗು ಸರಿಮಾಡಿಕೊಂಡೆ, ಮಕ್ಕಳನ್ನು ಎಬ್ಬಿಸಿ ಎರಡು ಸಾಲು ನಿಲ್ಲಿಸಿದೆ, ಹಾಜರಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡೆ. ಅಕ್ಕ ಕೈ ಬೀಸಿ ಬ್ಯಾಡ ಬ್ಯಾಡ ಅನ್ನುತ್ತಿದ್ದಳು. ಪಾಪ, ಅಧಿಕಾರಿಗಳೆಂದರೆ ಹೆದರಿಕೆ ಅಂದುಕೊಂಡು ಬಾಗಿಲು ತೆಗೆದೆ.

ಮಂಜಿನಲ್ಲಿ ಸಾಹೇಬರು ಕಾಣಲಿಲ್ಲ. ಜಗಲಿಯ ಮುಂದೆ ಎರಡು ದಪ್ಪ ಕಂಬ ಕಂಡವು. ನಿನ್ನೆ ಇಲ್ಲಿ ಕಂಬ ಇರಲಿಲ್ಲವಲ್ಲ ಅಂತ ಮನಸ್ಸಿಗೆ ಬಂತು, ಆದರೆ ಬಾಯಿ ಆಗಲೇ ಶುರುವಾಗಿಬಿಟ್ಟಿತ್ತು.

"ನಮಸ್ಕಾರ ಸರ್. ಹದಿನೆಂಟೂ ಮಕ್ಕಳು ಕ್ಷೇಮ."

ನನ್ನ ಹಿಂದೆ ಹದಿನೆಂಟು ಗಂಟಲು ರಾಗವಾಗಿ ಕೂಗಿದವು: "ನಮಸ್ತೇ ಸಾರ್."

ಕಂಬಗಳು ಅಲ್ಲಾಡಿದವು. ಮೇಲೆ, ಮಾಡಿನ ಎತ್ತರದಲ್ಲಿ, ಮೊರದಂಥ ಒಂದು ಕಿವಿ ಪಟ್ಟಂತ ಬಡಿಯಿತು. ಅಕ್ಕ ನನ್ನ ಸೊಂಟ ಹಿಡಿದು ಒಳಗೆಳೆದು ಅಗುಳಿ ಹಾಕಿದಳು. ಮಕ್ಕಳೆಲ್ಲ ಕಿಟಕಿಯ ಸಂದಿಗೆ ಕಣ್ಣಿಟ್ಟು ನಿಂತರು. ಬೆಳಗಿನ ತಿಂಡಿಗೆ ಅಂತ ಜಗಲಿಯಲ್ಲಿ ಇಟ್ಟಿದ್ದ ಬಾಳೆಗೊನೆ ಮುಗಿಸಿ, ಮನೆಯನ್ನು ಒಂದು ಸಲ ನೋಡಿ, ಅದು ಮಂಜಿನೊಳಗೆ ಹೊರಟುಹೋಯಿತು. ಮೂಲೆಯಲ್ಲಿ ಎರಡು ಕಂಬಳಿ ಹೊದ್ದಿದ್ದ ಡ್ರಿಲ್ ಮೇಷ್ಟ್ರು ತಲೆ ಹೊರಗೆ ಹಾಕಿ, "ಸಾಹೇಬ್ರು ಏನಂದ್ರು ಮೇಡಂ?" ಅಂದರು.

ಅಕ್ಕ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಹೇಳಿದಳು: "ಗುಡ್ಡ ಇಳಿಯೋಗಂಟ ಅವ್ರ ಹೆಸ್ರು ಬಾಯಲ್ಲಿ ಬರಕೂಡ್ದು. ಹೆಸ್ರು ಎತ್ತುದ್ರೆ ನಮ್ನೇ ಕರುದ್ರು ಅಂತ ತಿರುಗ್ ಬತ್ತಾರೆ. ದೊಡ್ಡೋರು ಅನ್ಬೇಕು, ಅಷ್ಟೆ." ಮಕ್ಕಳು ಹೂಂ ಅಂದರು.

ನಾನು ಗೋಡೆಗೆ ಒರಗಿ ಅತ್ತೆ. ಹೆದರಿಕೆಗಲ್ಲ. ಆ ಹನ್ನೊಂದು ಹೆಣ್ಣುಮಕ್ಕಳ ಮುಖ ಅಷ್ಟು ಬೆಳಗಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಆರನೇ ಕ್ಲಾಸಿನವರಿಗೆ ಇದು ಇನ್ನಿಲ್ಲ ಅಂತ ಸಂಕಟವಾಯಿತು.

ಹತ್ತು ಗಂಟೆಗೆ ನಿಜವಾದ ಸಾಹೇಬರು ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದರು. ಮಕ್ಕಳನ್ನು ಎಣಿಸಿದರು, ಹದಿನೆಂಟು. ಕೈಕಾಲು ನೋಡಿದರು, ಗೀರಿಲ್ಲ. ಆಮೇಲೆ ಮುಂದಿನ ಸಾಲಿನ ಹುಡುಗಿಯನ್ನು ಕೇಳಿದರು: "ಇಲ್ಲಿಗೆ ಆನೆ ಗೀನೆ ಏನಾದ್ರೂ ಬಂತೇನಮ್ಮ?"

ನಾನು ಕಣ್ಣು ಮುಚ್ಚಿಕೊಂಡೆ.

"ಇಲ್ಲ ಸಾರ್," ಅಂದಳು ಹುಡುಗಿ. "ದೊಡ್ಡೋರು ಬಂದಿದ್ರು."

ಸಾಹೇಬರ ಮುಖದ ಬಣ್ಣ ಇಳಿಯಿತು. "ದೊಡ್ಡೋರಾ? ಯಾರು, ಮೈಸೂರಿನ ದೊಡ್ಡ ಸಾಹೇಬ್ರಾ?"

"ಹೆಸ್ರು ಹೇಳ್ಬಾರ್ದು ಸಾರ್."

ಸಾಹೇಬರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. "ನನಗಿಂತ ಮುಂಚೆ ಬಂದ್ರಾ? ಎಷ್ಟೊತ್ತಿಗೆ?"

"ಆರೂವರೆಗೇ ಸಾರ್. ನಾವೆಲ್ಲ ನಮಸ್ತೇ ಅಂದೋ."

"ಏನಂದ್ರು?"

"ಏನೂ ಅನ್ನಲಿಲ್ಲ. ತಲೆ ಅಲ್ಲಾಡಿಸ್ಕಂಡು ಓದ್ರು."

"ಅಡ್ಡಡ್ಡವೋ, ಉದ್ದುದ್ದವೋ?"

ಹುಡುಗಿ ಯೋಚಿಸಿ, ಮೇಲೆ ಕೆಳಗೆ ತಲೆ ಆಡಿಸಿ ತೋರಿಸಿದಳು. ಸಾಹೇಬರು ನನ್ನ ಕಂಕುಳಿಂದ ಹಾಜರಿ ಪುಸ್ತಕ ಎಳೆದುಕೊಂಡು, "ಪ್ರತಿ ವರ್ಷವೂ ಕಳುಹಿಸಬಹುದು" ಅಂತ ಬರೆದು ಸಹಿ ಹಾಕಿದರು.

ಹೊರಡುವಾಗ ಅವರಿಗೆ ಇನ್ನೊಂದು ಚಿಂತೆ ಬಂತು. ತಿರುಗಿ ಆ ಹುಡುಗಿಯನ್ನೇ ಮೆಲ್ಲಗೆ ಕೇಳಿದರು. "ಬಂದವರಿಗೆ ತಿನ್ನೋಕೆ ಏನಾದ್ರೂ ಕೊಟ್ರಾ?"

"ನಾವ್ ಕೊಡ್ಲಿಲ್ಲ ಸಾರ್. ನಮ್ಗೆ ಅಂತ ಇಟ್ಟಿದ್ದ ಬಾಳೆಗೊನೆ ಅವ್ರೇ ಎತ್ಕಂಡು ಪೂರ್ತಿ ತಿಂದ್ಬುಟ್ರು. ಸಿಪ್ಪೆನೂ ಬುಡ್ಲಿಲ್ಲ."

ಸಾಹೇಬರು ನಿಟ್ಟುಸಿರು ಬಿಟ್ಟರು.

"ಹಾಗಾದ್ರೆ ಅವರೇ," ಅಂದರು.