ಇತಿ ತಮ್ಮ ವಿಶ್ವಾಸಿ

ತಪ್ಪು ಕಂಡರೆ ಸುಮ್ಮನಿರಲಾರದವರಲ್ಲಿ ಎರಡು ಬಗೆ. ಕೆಲವರು ಸಮಾಜ ಸುಧಾರಣೆಗೆ ಹೊರಡುತ್ತಾರೆ. ಅಷ್ಟು ಧೈರ್ಯವಿಲ್ಲದವರು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಾರೆ. ನಾನು ಎರಡನೆಯ ಬಗೆಯವಳು. ಯಲಹಂಕ ಉಪನಗರದ ಒಂದು ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಕೆಂಪು ಶಾಯಿ ಖರ್ಚು ಮಾಡಿದ ಮೇಲೆ, ಸಂಜೆ ಶಾಲೆಯಿಂದ ಹೊರಗೆ ಬಂದರೂ ಕೈ ಸುಮ್ಮನಿರುತ್ತಿರಲಿಲ್ಲ. ಮದುವೆಗೆ ಕರೆಯಲು ಬಂದವರ ಎದುರಿಗೇ ಆಮಂತ್ರಣ ಪತ್ರಿಕೆ ತಿದ್ದಿ ಕೊಟ್ಟಿದ್ದೇನೆ. ನಮ್ಮ ಬಡಾವಣೆಯ ಹಿರಿಯರೊಬ್ಬರು ತೀರಿಕೊಂಡಾಗ ಹಾಕಿದ ಫ್ಲೆಕ್ಸಿನಲ್ಲಿ ‘ಶೃದ್ಧಾಂಜಲಿ’ ಎಂದಿತ್ತು; ಅದು ‘ಶ್ರದ್ಧಾಂಜಲಿ’ ಆಗಬೇಕೆಂದು, ತಲೆ ಬೋಳಿಸಿಕೊಂಡು ನಿಂತಿದ್ದ ಮಗನಿಗೇ ಹೇಳಿದ್ದೇನೆ. ಅವರು ಇವತ್ತಿಗೂ ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ. ನಾನು ದಾಟಬೇಕಿತ್ತು ಎಂದು ಆಗ ಹೊಳೆದಿರಲಿಲ್ಲ.

ಇಂಥವಳ ಕೈಗೆ ನಾದಿನಿಯ ಮಗಳು ಒಂದು ಸ್ಮಾರ್ಟ್ ಫೋನ್ ಕೊಡಿಸಿ, “ಅತ್ತೆ, ಇದ್ರಲ್ಲಿ ನಿಮಗೆ ಟೈಮ್ ಪಾಸ್ ಆಗುತ್ತೆ” ಎಂದು ಒಂದು ಗುಂಪಿಗೆ ಸೇರಿಸಿಬಿಟ್ಟಳು. ಗುಂಪಿನ ಹೆಸರು ‘ಪತ್ತೆ ಬಳಗ’. ಯಲಹಂಕ, ಹೆಬ್ಬಾಳ, ಯಶವಂತಪುರದ ಕಡೆ ಯಾರಾದರೂ ಕಾಣೆಯಾದರೆ ಅವರ ಫೋಟೋ ಹಾಕುವುದು, ಎಲ್ಲಿ ಹೋಗಿರಬಹುದೆಂದು ಚರ್ಚಿಸುವುದು ಅದರ ಉದ್ದೇಶ. ನಾನು ಮೊದಮೊದಲು ಕಾಣೆಯಾದವರ ಕಡೆ ನೋಡಲೇ ಇಲ್ಲ, ‘ಕಣೆಯಾಗಿದ್ದರೆ’ ಎಂಬ ಕಡೆ ನೋಡುತ್ತಿದ್ದೆ. ತಿದ್ದಿ ಹಾಕುತ್ತಿದ್ದೆ. ಜನ ಬೈಯಲಿಲ್ಲ, ಕೈ ಮುಗಿಯುವ ಚಿತ್ರ ಕಳಿಸಿದರು. ಇಪ್ಪತ್ತೆಂಟು ವರ್ಷದಲ್ಲಿ ತಿದ್ದಿದ್ದಕ್ಕೆ ಯಾರಾದರೂ ಕೈ ಮುಗಿದದ್ದು ಅದೇ ಮೊದಲು. ನಾನು ಅಲ್ಲಿಯೇ ಬೇರು ಬಿಟ್ಟೆ.

ಬಳಗದಲ್ಲಿ ಒಬ್ಬೊಬ್ಬರಿಗೆ ಒಂದೊಂದು ವಿದ್ಯೆ. ಆರ್‌.ಟಿ. ನಗರದ ನಿವೃತ್ತ ವಿಮಾ ಅಧಿಕಾರಿಯೊಬ್ಬರು ಎಲ್ಲದರಲ್ಲೂ ಪಾಲಿಸಿಯ ವಾಸನೆ ಹಿಡಿಯುತ್ತಿದ್ದರು. ಯಾರು ಕಾಣೆಯಾದರೂ ಅವರ ಮೊದಲ ಪ್ರಶ್ನೆ, ನಾಮಿನಿ ಯಾರು? ಹೆಬ್ಬಾಳದ ಒಬ್ಬ ಗೃಹಿಣಿ ಫೋಟೋದಲ್ಲಿನ ಕಣ್ಣು ನೋಡಿ ಬದುಕಿದ್ದಾರೋ ಇಲ್ಲವೋ ಹೇಳುತ್ತಿದ್ದರು. ಆಧಾರ್ ಕಾರ್ಡಿನ ಫೋಟೋ ಹಾಕಿದರೆ ಯಾರೂ ಬದುಕಿರುತ್ತಿರಲಿಲ್ಲ. ನನಗೆ ಭಾಷಾ ವಿಭಾಗ. ಸಂಜೆ ಬೇಳೆ ಬೇಯಲಿಟ್ಟು ಕೂತರೆ ಕುಕ್ಕರ್ ಎಷ್ಟು ಕೂಗಿತೆಂದು ನಮ್ಮವರೇ ಎಣಿಸಿಕೊಳ್ಳಬೇಕಾಗಿತ್ತು. ಅವರು ಹೆಚ್ಚು ಮಾತಿನವರಲ್ಲ. ಒಂದು ದಿನ, ಕಾಣೆಯಾಗಿದ್ದ ಕಾಲೇಜು ಹುಡುಗ ಅಜ್ಜಿಯ ಮನೆಯಲ್ಲಿ ಸಿಕ್ಕಿದನೆಂಬ ಸುದ್ದಿ ಓದಿ ನಾನು ಫೋನು ಕೆಳಗಿಟ್ಟಾಗ ಮಾತ್ರ, “ಸಿಕ್ಕಿದ್ರೆ ನಿನಗೆ ಬೇಜಾರಾಗುತ್ತಲ್ಲೇ” ಎಂದರು.  ನಿಜಕ್ಕೆ ಉತ್ತರ ಕೊಡುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ.

ಹೀಗಿರುವಾಗ ಗಿರಿಜಾಳ ಪ್ರಕರಣ ಬಂತು. ಅಟ್ಟೂರಿನ ಒಂದು ವಠಾರದಲ್ಲಿ ಬಾಡಿಗೆಗಿದ್ದ ಗಂಡ ಹೆಂಡತಿ. ಬಾಗಲಕೋಟೆ ಕಡೆಯವರು. ಗಂಡ ಮಲ್ಲಪ್ಪ ಜಾಲಹಳ್ಳಿಯ ಹತ್ತಿರದ ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ. ಹೆಂಡತಿ ಗಿರಿಜಾ, ವಯಸ್ಸು ನಲವತ್ತೊಂದು, ಖಾಸಗಿ ಕಾಲೇಜೊಂದರ ಅಟೆಂಡರ್. ಒಂದು ಸೋಮವಾರ ಕೆಲಸಕ್ಕೆಂದು ಹೋದವಳು ವಾಪಸಾಗಲಿಲ್ಲ. ಅಡುಗೆಮನೆಯ ಡಬ್ಬದ ಕೆಳಗೆ ಒಂದು ಚೀಟಿ ಇತ್ತು. ಪೊಲೀಸರು ಚೀಟಿ ನೋಡಿ, ತಿಳಿವಳಿಕೆಯಿರುವ ಹೆಂಗಸು ಹೇಳಿಯೇ ಹೋಗಿದ್ದಾಳೆ, ವಿಚಾರಿಸುತ್ತೇವೆ ಎಂದಿದ್ದರಂತೆ. ಮನೆ ಮಾಲೀಕರ ಸೊಸೆ ಮಲ್ಲಪ್ಪನ ಪರವಾಗಿ ಗಿರಿಜಾಳ ಫೋಟೋ, ಚೀಟಿಯ ಫೋಟೋ ಎರಡನ್ನೂ ನಮ್ಮ ಬಳಗಕ್ಕೆ ಹಾಕಿದಳು.

ಚೀಟಿಯಲ್ಲಿ ಐದಾರು ಸಾಲು. ‘ನಾನು ಸ್ವಂತ ಇಚ್ಛೆಯಿಂದ ಹೋಗುತ್ತಿದ್ದೇನೆ. ಇದಕ್ಕೆ ಯಾರೂ ಕಾರಣರಲ್ಲ. ನನ್ನನ್ನು ಹುಡುಕಬೇಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ವಂದನೆಗಳೊಂದಿಗೆ, ಇತಿ ತಮ್ಮ ವಿಶ್ವಾಸಿ, ಗಿರಿಜಾ.’

ಎಲ್ಲರೂ ನನ್ನನ್ನು ಕರೆದರು. ಮೇಡಂ, ನೀವು ಹೇಳಬೇಕು. ನಾನು ಕನ್ನಡಕ ಒರೆಸಿಕೊಂಡು ಚೀಟಿಯನ್ನು ದೊಡ್ಡದು ಮಾಡಿ ನೋಡಿದೆ. ಒಂದೇ ಒಂದು ತಪ್ಪಿರಲಿಲ್ಲ. ನನ್ನ ಅನುಭವದಲ್ಲಿ ಅದಕ್ಕಿಂತ ಅನುಮಾನದ ಸಂಗತಿ ಬೇರೆ ಇಲ್ಲ. ಮರುದಿನ ಸಂಜೆ ಕೂತು ಒಂದು ಪುಟ ಬರೆದು ಹಾಕಿದೆ. ‘ಇಚ್ಛೆ’ಯ ಒತ್ತಕ್ಷರ ಸರಿಯಾಗಿದೆ, ನನ್ನ ಹತ್ತನೆಯ ತರಗತಿಯಲ್ಲೇ ಅದು ಬರುವುದು ನಾಲ್ಕು ಮಂದಿಗೆ. ಮನೆ ಬಿಡುವ ಸಂಕಟದಲ್ಲಿರುವ ಹೆಂಗಸು ಪ್ರತಿ ವಾಕ್ಯಕ್ಕೂ ಪೂರ್ಣವಿರಾಮ ಹಾಕುವುದಿಲ್ಲ. ಬಾಗಲಕೋಟೆಯವಳು ತನ್ನ ಗಂಡನಿಗೆ ಬರೆಯುವಾಗ ತನ್ನ ಮಾತಿನಲ್ಲಿ ಬರೆಯುತ್ತಾಳೆ. ಎಲ್ಲಕ್ಕಿಂತ ಮಿಗಿಲಾಗಿ, ಲೋಕದಲ್ಲಿ ಯಾವ ಹೆಂಡತಿಯೂ ಗಂಡನಿಗೆ ‘ಇತಿ ತಮ್ಮ ವಿಶ್ವಾಸಿ’ ಎಂದು ಸಹಿ ಮಾಡುವುದಿಲ್ಲ. ಆದ್ದರಿಂದ ಈ ಚೀಟಿ ಗಿರಿಜಾ ಬರೆದದ್ದಲ್ಲ, ಮನೆಯೊಳಗಿನವರೇ ಬರೆದದ್ದು.

ಗಂಡ ಎಂದು ನಾನು ಬರೆಯಲಿಲ್ಲ. ಇದನ್ನು ಆಮೇಲೆ ನಮ್ಮವರಿಗೂ ದೇವರಿಗೂ ಹಲವು ಸಲ ಹೇಳಿದ್ದೇನೆ. ಮನೆಯೊಳಗಿನವರು ಎಂದಷ್ಟೇ ಬರೆದೆ. ಆ ಮನೆಯಲ್ಲಿ ಇದ್ದದ್ದೇ ಇಬ್ಬರು.

ನನ್ನ ಆ ಒಂದು ಪುಟ ಎಷ್ಟು ಗುಂಪುಗಳಿಗೆ ಹೋಯಿತೋ ಗೊತ್ತಿಲ್ಲ. ಭಾಷಾತಜ್ಞೆ ಎಂದು ನನ್ನ ಹೆಸರಿನ ಹಿಂದೆ ಯಾರೋ ಸೇರಿಸಿದ್ದರು. ವಿಮೆಯವರು ನಾಮಿನಿ ವಿಚಾರ ತೆಗೆದರು. ಯಾರೋ ಮಲ್ಲಪ್ಪನ ಫೋಟೋ ಹುಡುಕಿ ಹಾಕಿದರು, ಹೆಬ್ಬಾಳದವರು ಅವನ ಕಣ್ಣು ನೋಡಿ ಅವನೇ ಕೊಂದದ್ದೆಂದು ಮುಗಿಸಿಬಿಟ್ಟರು. ಯಾರೋ ವಠಾರಕ್ಕೆ ಹೋಗಿ ಅವನ ಬಾಗಿಲಿನ ಫೋಟೋ ತೆಗೆದು ಹಾಕಿದರು. ಬಾಗಿಲ ಹೊರಗೆ ಒಂದು ಜೊತೆ ಹವಾಯಿ ಚಪ್ಪಲಿ ಇತ್ತು, ಅದು ಹೆಂಗಸಿನದೋ ಗಂಡಸಿನದೋ ಎಂದು ಎರಡು ದಿನ ಚರ್ಚೆಯಾಯಿತು. ವಠಾರದ ಹಿಂದಿನ ನೀರಿನ ಸಂಪಿನ ಮುಚ್ಚಳ ತೆಗೆಸಿ ನೋಡಬೇಕೆಂದು ಇಬ್ಬರು ಬರೆದರು. ನಾನು ಆ ದಿನಗಳಲ್ಲಿ ಚೆನ್ನಾಗಿ ಊಟ ಮಾಡುತ್ತಿದ್ದೆ.

ಹನ್ನೆರಡನೆಯ ದಿನ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿಗೆ ಒಬ್ಬ ಹೆಂಗಸು ಬಂದಳು. ಬಣ್ಣ ಮಾಸಿದ ಹಸಿರು ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಯಾವುದೋ ಮಗುವಿನ ತಾಯಿ, ಅಂಕ ಕಡಿಮೆಯಾಯಿತೆಂದು ಕೇಳಲು ಬಂದಿದ್ದಾಳೆ ಎಂದುಕೊಂಡು, ಯಾವ ಕ್ಲಾಸು ಎಂದೆ.

“ನಾ ಗಿರಿಜಾರಿ, ಮೇಡಂ. ನೀವು ಹುಡಕಾಕತ್ತೀರಲ್ಲ, ಅದ ಗಿರಿಜಾ” ಎಂದಳು.

ನನ್ನ ಬಾಯಲ್ಲಿ ಚಿತ್ರಾನ್ನ ಇತ್ತು. ಅದನ್ನು ನುಂಗುವುದಕ್ಕೆ ಬಹಳ ಹೊತ್ತು ಹಿಡಿಯಿತು. ಕೂರಲು ಹೇಳಿದೆ, ಕೂರಲಿಲ್ಲ. ನನಗೆ ತನ್ನ ಗುರುತು ಸಿಗಲಿಲ್ಲವೇ ಎಂದು ಕೇಳಿದಳು. ಆರು ವರ್ಷದ ಹಿಂದೆ ನಮ್ಮ ಶಾಲೆಯಲ್ಲಿ, ಖಾಸಗಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟುವ ದೊಡ್ಡವರಿಗೆ ಭಾನುವಾರ ಪಾಠ ನಡೆಯುತ್ತಿತ್ತು. ಅಟೆಂಡರ್ ಕೆಲಸ ಕಾಯಂ ಆಗಬೇಕಾದರೆ ಪಾಸಾಗಬೇಕೆಂದು ಅವಳು ಬಂದಿದ್ದಳಂತೆ, ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದಳಂತೆ. ನನಗೆ ಮೂರನೆಯ ಬೆಂಚು ನೆನಪಿತ್ತು, ಅದರ ಒಂದು ಕಾಲು ಅಲ್ಲಾಡುತ್ತಿತ್ತು. ಅವಳು ನೆನಪಿರಲಿಲ್ಲ.

“ಆ ಚೀಟಿ ನಾನ ಬರದೀನ್ರಿ. ಪತ್ರ ಅಂದಮ್ಯಾಲೆ ಹಿಂಗ ಮುಗಸಬೇಕು, ಇಲ್ಲಂದ್ರ ಒಂದ್ ಮಾರ್ಕ್ ಹೋಗತೈತಿ ಅಂತ ನೀವ ಹೇಳಿದ್ರಿ. ನಮ್ಮ ಮನಿಯವರಿಗೆ ಸಹಿ ಮಾಡಾಕ ಅಷ್ಟ ಬರತೈತ್ರಿ. ಓದಾಕೂ ಬರೂದಿಲ್ಲ, ವಠಾರದವರು ಓದಿ ಹೇಳತಾರಂತ ಬರದಿಟ್ಟಿದ್ದೆ. ನೀವು ಕೇಳಿದ್ರ ಯಾರರ ಹೇಳತಿದ್ರು.”

ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಇರಲಿಲ್ಲ. ಪಾಠ ಒಪ್ಪಿಸುವವಳ ಹಾಗೆ ಹೇಳಿದಳು. ಮತ್ತೆ ಯಾಕೆ ಹೋದೆ ಎಂದು ಕೇಳಿದೆ. ಕೇಳುವ ಹಕ್ಕಿತ್ತೋ ಇಲ್ಲವೋ, ಕೇಳಿದೆ. ಅವರಿಗೆ ಒಬ್ಬಳೇ ಮಗಳು, ಸವಿತಾ. ಹಿಂದಿನ ವರ್ಷ ಜ್ವರ ಬಂದು ನಾಲ್ಕೇ ದಿನದಲ್ಲಿ ಹೋಗಿಬಿಟ್ಟಳು. ಹತ್ತೊಂಬತ್ತು ವಯಸ್ಸು. ಅಂದಿನಿಂದ ಮಲ್ಲಪ್ಪ ಕೆಲಸದಿಂದ ಬಂದು ಕೂತರೆ ಮಗಳ ಮಾತೇ. ಅವಳು ಮೊದಲ ಸಲ ಸೈಕಲ್ ಹೊಡೆದದ್ದು, ಅವಳಿಗೆ ಬದನೆಕಾಯಿ ಸೇರದಿದ್ದದ್ದು, ಅವಳು ನಕ್ಕದ್ದು. ದಿನವೂ ಅದೇ, ಮೊದಲಿನಿಂದ ಕೊನೆಯವರೆಗೆ. ಗಿರಿಜಾಗೆ ಆ ಹೆಸರು ಕಿವಿಗೆ ಬಿದ್ದರೆ ಉಸಿರು ಕಟ್ಟುತ್ತಿತ್ತು. “ಅವರು ಮಾತಾಡೂದು ನಿಲ್ಲಸವಲ್ರು, ನನಗ ಕೇಳಾಕ ಆಗವಲ್ದು. ಅವರು ಕೆಟ್ಟವರಲ್ರಿ, ನಾನೂ ಕೆಟ್ಟವಳಲ್ಲ” ಎಂದಳು. ತುಮಕೂರಿನ ಹತ್ತಿರ ಹೆಣ್ಣುಮಕ್ಕಳ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಪರಿಚಯದವಳೊಬ್ಬಳಿದ್ದಳು. ಒಂದು ತಿಂಗಳು ಯಾರೂ ಮಾತಾಡದ ಕಡೆ ಇದ್ದು ಬರೋಣವೆಂದು ಹೋಗಿದ್ದಳು. ಅಲ್ಲಿ ಒಬ್ಬ ಹುಡುಗಿ ಮೊಬೈಲಿನಲ್ಲಿ ಹೆಂಡತಿಯನ್ನು ಕೊಂದವನ ಮುಖ ನೋಡಿ ಎಂದು ಎಲ್ಲರಿಗೂ ತೋರಿಸುತ್ತಿದ್ದಳಂತೆ. ನೋಡಿದರೆ ಮಲ್ಲಪ್ಪ. ಕೆಳಗೆ ನನ್ನ ಹೆಸರು.

ಅವಳು ಆ ಬೆಳಗ್ಗೆಯೇ ಅಟ್ಟೂರಿಗೆ ಹೋಗಿಬಂದಿದ್ದಳು. ಬಾಗಿಲಿಗೆ ಬೀಗ. ಮಾಲೀಕರು ಗಲಾಟೆ ತಮಗೆ ಬೇಡವೆಂದು ಮನೆ ಬಿಡಿಸಿದ್ದರು. ವರ್ಕ್‌ಶಾಪಿನವರು ಸ್ವಲ್ಪ ದಿನ ಬರಬೇಡ ಎಂದಿದ್ದರು. ಫೋನ್ ಮಾಡಿದರೆ ಸ್ವಿಚ್ ಆಫ್. ಎಲ್ಲಿ ಹೋದನೆಂದು ವಠಾರದಲ್ಲಿ ಯಾರಿಗೂ ಗೊತ್ತಿರಲಿಲ್ಲ. “ಈಗ ಅವರು ಕಾಣವಲ್ರು ಮೇಡಂ. ನಿಮ್ಮ ಗುಂಪಿನ್ಯಾಗ ಹಾಕ್ರಿ” ಎಂದಳು.

ಹಾಕಿದೆ. ಮಧ್ಯಾಹ್ನದ ಎರಡು ಪಿರಿಯಡ್ ರಜೆ ಬರೆದು, ಅಲ್ಲೇ ಕೂತು, ಗಿರಿಜಾ ಬದುಕಿದ್ದಾರೆ, ನನ್ನ ಎದುರಿಗಿದ್ದಾರೆ, ಚೀಟಿ ಅವರೇ ಬರೆದದ್ದು, ನಾನು ತಪ್ಪಿದೆ, ಮಲ್ಲಪ್ಪನವರು ಎಲ್ಲಿದ್ದಾರೆಂದು ತಿಳಿದವರು ದಯವಿಟ್ಟು ತಿಳಿಸಿ ಎಂದು ಬರೆದೆ.  ಆಮೇಲೆ ವಿಮೆಯವರು ಬಂದರು. ಎದುರಿಗಿರುವವರೇ ನಿಜವಾದ ಗಿರಿಜಾ ಎಂಬುದಕ್ಕೆ ಪುರಾವೆ ಏನು ಎಂದು ಕೇಳಿದರು. ಹೆಬ್ಬಾಳದವರು, ಮೇಡಂ ಅವರನ್ನು ಯಾರೋ ಹೆದರಿಸುತ್ತಿದ್ದಾರೆ ಎಂದರು. ಮೂರನೆಯವರೊಬ್ಬರು, ನನ್ನ ಅಭಿಮಾನಿ, ವಿವರವಾಗಿಯೇ ಬರೆದರು: ಮೇಡಂ ಎಂದೂ ಇಷ್ಟು ಅವಸರದಲ್ಲಿ ಬರೆದವರಲ್ಲ, ಒಂದು ಕಡೆ ಅಲ್ಪವಿರಾಮ ಬಿಟ್ಟುಹೋಗಿದೆ, ಆದ್ದರಿಂದ ಇದು ಅವರು ಬರೆದದ್ದಲ್ಲ. ನನ್ನ ಪಾಠ ಎಷ್ಟು ಚೆನ್ನಾಗಿ ನಾಟುತ್ತದೆಂದು ಒಂದೇ ದಿನದಲ್ಲಿ ಎರಡನೆಯ ಸಲ ತಿಳಿಯಿತು. ಅಷ್ಟರಲ್ಲಿ ಯಶವಂತಪುರ ಸ್ಟೇಷನ್ನಿನಲ್ಲಿ ಒಬ್ಬ ಮುದುಕಪ್ಪ ಕಾಣೆಯಾದರೆಂದು ಹೊಸ ಫೋಟೋ ಬಂತು. ಎಲ್ಲರೂ ಅತ್ತ ಹೊರಟುಹೋದರು.

ಕೊನೆಗೆ ನಾವಿಬ್ಬರೂ ಬಸ್ಸು ಹತ್ತಿ ಜಾಲಹಳ್ಳಿಗೆ ಹೋದೆವು. ವರ್ಕ್‌ಶಾಪಿನ ಎದುರು ಟೀ ಅಂಗಡಿಯಲ್ಲಿ ನಿಂತಿದ್ದ ಒಬ್ಬ ಕೆಲಸಗಾರನನ್ನು ಕೇಳಿದೆವು. “ಮಲ್ಲಣ್ಣನಾ? ರಾಜಾನುಕುಂಟೆ ಆಚೆ ಹೊಸ ಲೇಔಟ್‌ನಲ್ಲಿ ವಾಚ್‌ಮನ್ ಕೆಲಸಕ್ಕೆ ಸೇರ್ಕೊಂಡಿದಾನಲ್ಲ” ಎಂದ, ಬಿಸ್ಕತ್ತು ಅದ್ದಿಕೊಳ್ಳುತ್ತ. ನಾಮಿನಿ, ಚಪ್ಪಲಿ, ಕಣ್ಣು, ವ್ಯಾಕರಣ ಯಾವುದೂ ಬೇಕಾಗಲಿಲ್ಲ. ಕೇಳಿದರೆ ಸಾಕಿತ್ತು.

ನಾವು ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಸೈಟುಗಳಿಗೆ ಕಲ್ಲು ನೆಟ್ಟ ಬಯಲು, ಅದರ ಮೂಲೆಯಲ್ಲಿ ತಗಡಿನ ಶೆಡ್ಡು. ಮಲ್ಲಪ್ಪ ಫೋಟೋದಲ್ಲಿದ್ದುದಕ್ಕಿಂತ ಕುಳ್ಳಗಿದ್ದ. ಹೆಂಡತಿಯನ್ನು ನೋಡಿ ಎದ್ದು ನಿಂತ.  ಅವಳು ಹತ್ತಿರ ಹೋಗಿ, ಅವನ ಅಂಗಿಯ ಬಿಚ್ಚಿದ್ದ ಗುಂಡಿ ಹಾಕಿದಳು. ಹೇಳದೆ ಯಾಕೆ ಬಂದಿರಿ ಎಂದು ಕೇಳಿದಳು. “ಬರಿಯಾಕ ಬರತಿದ್ರ ನಾನೂ ಒಂದು ಚೀಟಿ ಇಟ್ಟು ಬರತಿದ್ದೆ” ಎಂದ. ಅವಳು ನಗಲು ಹೋದಳು, ಆಗಲಿಲ್ಲ. ಆಮೇಲೆ ಇಬ್ಬರೂ ಸುಮ್ಮನೆ ಕೂತರು. ಬಹಳ ಹೊತ್ತು ಕೂತರು. ಸವಿತಾಳ ಹೆಸರು ಬರಲಿಲ್ಲ.

ನನ್ನನ್ನು ಯಾರೆಂದು ಅವನು ಕೇಳಿದಾಗ ಗಿರಿಜಾ, ನಮಗೆ ಪಾಠ ಹೇಳಿದ ಮೇಡಂ, ನಿಮ್ಮನ್ನು ಹುಡುಕಲು ಜೊತೆಗೆ ಬಂದರು ಎಂದಳು. ಅಷ್ಟೇ ಹೇಳಿದಳು. ಅವನು ಇದ್ದ ಒಂದೇ ಪ್ಲಾಸ್ಟಿಕ್ ಕುರ್ಚಿಯನ್ನು ಟವೆಲಿನಿಂದ ಒರೆಸಿ ನನಗೆ ಹಾಕಿದ. ಸೀಮೆಎಣ್ಣೆ ಸ್ಟೌ ಹಚ್ಚಿ ಚಹಾ ಇಟ್ಟ. ನಿಮ್ಮಂಥವರು ಇರುವುದಕ್ಕೇ ನಮ್ಮಂಥವರು ಬದುಕುತ್ತೇವೆ ಎಂಬರ್ಥದ ಮಾತೇನೋ ಆಡಿದ. ಲೋಟ ನನ್ನ ಕೈಗೆ ಕೊಟ್ಟು, ಎದುರಿಗೆ ಕುಕ್ಕರಗಾಲಲ್ಲಿ ಕೂತು, ಸ್ವಲ್ಪ ಸಂಕೋಚದಿಂದ ಕೇಳಿದ.

“ಯಾರೋ ಒಬ್ಬಾಕಿ ಟೀಚರ್ ಅಂತ್ರಿ. ಆ ಚೀಟಿ ನಾನ ಬರದೀನಿ ಅಂತ ಮೊಬೈಲ್‌ನ್ಯಾಗ ಹಾಕಿದ್ಲಂತ. ನೀವೂ ಸಾಲಿಯವರು. ಆಕಿ ನಿಮಗೇನರ ಗುರ್ತ ಅದಾಳೇನ್ರಿ?”

ಗಿರಿಜಾ ತಮ್ಮಿಬ್ಬರ ಚಹಾ ಸೋಸುತ್ತಿದ್ದಳು. ತಲೆ ಎತ್ತಲಿಲ್ಲ.

“ಇಲ್ಲ” ಎಂದೆ.

ಚಹಾ ಚೆನ್ನಾಗಿತ್ತು, ಶುಂಠಿ ಹಾಕಿದ್ದರು. ಇನ್ನೊಂದು ಅರ್ಧ ಲೋಟ ಹಾಕಲೇ ಎಂದು ಅವನು ಕೇಳಿದ. ಹಾಕಿಸಿಕೊಂಡೆ.