ಎರಡು ಬಕೆಟು ಮುರುಗಲ ಪಾನಕ

ನಾನು ಸುಳ್ಳು ಹೇಳುವವನಲ್ಲ. ಆದರೆ ನಿಜವನ್ನು ಬಹಳ ನಿಧಾನವಾಗಿ ಹೇಳುತ್ತೇನೆ. ಇವೆರಡರ ನಡುವೆ ಅಂಥ ದೂರವೇನೂ ಇಲ್ಲವೆಂದು ನನ್ನ ಹೆಂಡತಿಯ ಅಭಿಪ್ರಾಯ. ಹೊಸನಗರದ ನಮ್ಮ ಶಾಲೆಯಲ್ಲಿ ಹಾಜರಿ ಪುಸ್ತಕ, ಸಭೆಯ ವರದಿ, ಮಳೆಯ ಅಳತೆ ಎಲ್ಲವೂ ನನ್ನ ಪಾಲಿಗೆ ಬಂದದ್ದು ಈ ನಿಧಾನದಿಂದಲೇ. "ಅವರು ಬರೆದರೆ ಒಂದು ಹನಿ ಆಚೀಚೆ ಆಗೋದಿಲ್ಲ" ಎಂದು ನಮ್ಮ ಹೆಡ್ಮಾಷ್ಟ್ರು ನಾಲ್ಕು ಜನರೆದುರು ಹೇಳಿದ್ದುಂಟು. ಆ ಹೊಗಳಿಕೆಯೇ ಮುಂದೆ ನನ್ನ ಕುತ್ತಿಗೆಗೆ ಬಂತು. ಈಗಲೂ ಅಂಗಡಿಯ ಮುಂದೆ ಫಳಫಳ ಹೊಳೆಯುವ ಬಕೆಟು ತೂಗುಹಾಕಿದ್ದು ಕಂಡರೆ ನಾನು ರಸ್ತೆಯ ಆಚೆ ಬದಿಗೆ ದಾಟುತ್ತೇನೆ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಿ ಹಗುರಾಗುತ್ತೇನೆ.

ಲಿಂಗನಮಕ್ಕಿಯ ಹೊಸ ಅಣೆಕಟ್ಟಿನಲ್ಲಿ ನೀರು ನಿಂತು ಎರಡು ಮೂರು ಮಳೆಗಾಲ ಕಳೆದಿತ್ತು. ಬೇಸಿಗೆ ರಜೆಯಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಉಪಾಧ್ಯಾಯರು ನಮ್ಮ ಶಾಲೆಯಲ್ಲಿ ಸೇರುವುದೆಂದು ತೀರ್ಮಾನವಾಯಿತು. ಊರಿನ ಡಾಕ್ಟರು ಆರೋಗ್ಯದ ಬಗ್ಗೆ ಮಾತಾಡಲು ಒಪ್ಪಿದ್ದರು. ಅಡುಗೆ ಗಣಪಯ್ಯನವರದು. ಗಣಪಯ್ಯನವರು ಮದುವೆ ಮುಂಜಿಗಳ ಅಡುಗೆಯಲ್ಲಿ ತಲೆ ನರೆತವರು. ಮಾತು ಕಡಿಮೆ, ಉಪ್ಪು ಸರಿ. ಸಭೆಯಾದ ಎಂಟು ದಿನಕ್ಕೆ ಸರಿಯಾಗಿ ನಡೆಯುವ ಸಾಗರದ ವೆಂಕಪ್ಪ ಮಾಷ್ಟ್ರ ಮಗಳ ಮದುವೆಯ ಅಡುಗೆಯೂ ಅವರಿಗೇ ನಿಶ್ಚಯವಾಗಿತ್ತು. ವೆಂಕಪ್ಪ ಮಾಷ್ಟ್ರೂ ಆ ದಿನ ನಮ್ಮ ಸಭೆಗೆ ಬರುವವರಿದ್ದರು.

ಬಂದವರಿಗೆ ಬಾಯಾರಿಕೆಗೆ ಹುಳಿ ಮುರುಗಲ ಹಣ್ಣಿನ, ಅಂದರೆ ಪುನರ್ಪುಳಿಯ, ಪಾನಕ. ಹಿಂದಿನ ಸಂಜೆಯೇ ಗಣಪಯ್ಯನವರು ಹಣ್ಣು ಕಿವುಚಿ, ಬೆಲ್ಲ ಜೀರಿಗೆ ಹಾಕಿ, ಮೂರು ಮಣ್ಣಿನ ಮಡಕೆಗಳಲ್ಲಿ ತುಂಬಿಟ್ಟಿದ್ದರು. ಬೆಳಿಗ್ಗೆ ಎಂಟು ಗಂಟೆಗೆ ನಾನು ಹೋಗಿ ನೋಡಿದೆ. ಮಡಕೆಗಳು ಮಸಿ ಹಿಡಿದಿದ್ದವು. ಒಂದರ ಕಂಠ ಒಡೆದಿತ್ತು. ಸಾಗರ ಪೇಟೆಯವರು ಬರುತ್ತಾರೆ, ಇದನ್ನು ಹೇಗೆ ಎದುರಿಗಿಡುವುದು? ಶಾಲೆಗೆಂದು ನಾನೇ ಹಿಂದಿನ ವಾರ ತಂದಿದ್ದ ಎರಡು ಹೊಸ ಜಿಂಕ್ ಬಕೆಟುಗಳು ಆಫೀಸಿನ ಮೂಲೆಯಲ್ಲಿ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.

ಇಲ್ಲಿ ನನ್ನ ತಾಯಿಯ ವಿಷಯ ಸ್ವಲ್ಪ ಹೇಳಬೇಕು. ಹುಳಿಯನ್ನು ಎಲ್ಲಿಡಬೇಕು ಎಂಬುದರಲ್ಲಿ ಆಕೆ ಬಹಳ ಖಡಾಖಂಡಿತ. ಮಣ್ಣು, ಕಲ್ಲಿನ ಮರಿಗೆ, ಅಥವಾ ಕಲಾಯಿ ಮಾಡಿದ ಹಿತ್ತಾಳೆ, ನಾಲ್ಕನೆಯದಿಲ್ಲ. ವರ್ಷಕ್ಕೊಮ್ಮೆ ಕಲಾಯಿಯವನು ಬಂದು ಹಲಸಿನ ಮರದಡಿ ತಿದಿ ಹೂಡಿದರೆ ನಾನು ಊಟ ಬಿಟ್ಟು ನೋಡುತ್ತ ಕೂರುತ್ತಿದ್ದೆ. ನವಸಾಗರದ ಪುಡಿಯ ಹೊಗೆ ಏಳುವುದು, ಅರಿವೆಯಿಂದ ಒಂದು ಸುತ್ತು ಒರೆಸಿದರೆ ಪಾತ್ರೆಯ ಒಳಗೆಲ್ಲ ಬೆಳ್ಳಿ! ಆಗಿನಿಂದ ನನ್ನ ತಲೆಯಲ್ಲಿ ಒಂದು ಸಿದ್ಧಾಂತ ಗಟ್ಟಿಯಾಗಿತ್ತು: ಒಳಗೆ ಬೆಳ್ಳಗೆ ಹೊಳೆದರೆ ಅದು ಕಲಾಯಿ, ಕಲಾಯಿಯಿದ್ದಲ್ಲಿ ಹುಳಿಗೆ ಭಯವಿಲ್ಲ. ಈ ಬಕೆಟುಗಳಾದರೋ ಒಳಗೂ ಹೊರಗೂ ಹೊಳೆಯುತ್ತಿದ್ದವು. ಅಂಗಡಿಯವನು ಬೇರೆ, "ಇದಕ್ಕೆ ಜನ್ಮದಲ್ಲಿ ಕಲಾಯಿ ಬೇಡ ಮಾಷ್ಟ್ರೇ" ಎಂದಿದ್ದ. ಸ್ನಾನದ ನೀರಿಗೆ ಬೇಡ ಎಂದು ಅವನ ಅರ್ಥವಿದ್ದಿರಬಹುದು. ನಾನು ಕೇಳಲಿಲ್ಲ.

ಗಣಪಯ್ಯನವರು ಒಲೆಯ ಮುಂದಿದ್ದರು. ನಾನು ಯಾರನ್ನೂ ಕರೆಯದೆ ಎರಡು ಮಡಕೆಯ ಪಾನಕವನ್ನು ಎರಡು ಬಕೆಟಿಗೆ ಸುರಿದೆ. ಮೂರನೆಯ ಮಡಕೆಗೆ ಬಕೆಟಿರಲಿಲ್ಲ. ಅದನ್ನು ಬಾಗಿಲ ಹಿಂದೆ ಮರೆಮಾಡಿದೆ.

ಹನ್ನೊಂದೂವರೆಗೆ ಪಾನಕ ಹಂಚಿದರು. ಮೊದಲ ಲೋಟ ನನ್ನದೇ. ನಾಲಿಗೆಗೆ ಬೀಗದ ಕೈ ನೆಕ್ಕಿದ ಹಾಗಾಯಿತು. ಎಲ್ಲರಿಗೂ ಕೇಳುವಂತೆ, "ಗಣಪಯ್ಯ, ಸೈಂಧವ ಉಪ್ಪು ಸ್ವಲ್ಪ ಜಾಸ್ತಿಯಾಯ್ತೇನೋ" ಎಂದೆ. ಅವರು ದೂರದಿಂದ ತಲೆಯೆತ್ತಿ, "ಸೈಂಧವ ಹಾಕೇ ಇಲ್ಲ" ಎಂದರು. ಆ ಮಾತು ನನ್ನ ಹೊರತು ಯಾರ ಕಿವಿಗೂ ಬೀಳಲಿಲ್ಲ. ಡಾಕ್ಟರು ಆಗಲೇ ವೇದಿಕೆಯ ಮೇಲೆ ನಿಂತು ಹಾಲು, ಸೊಪ್ಪು, ಕಾಳುಗಳ ಮಹಿಮೆ ಹೇಳತೊಡಗಿದ್ದರು. ಅವರ ಲೋಟ ಮೇಜಿನ ಮೇಲೆ ಹಾಗೇ ಇತ್ತು.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಮುಂದಿನ ಸಾಲಿನಿಂದ ವೆಂಕಪ್ಪ ಮಾಷ್ಟ್ರು ಎದ್ದರು. ಭಾಷಣಕ್ಕೆ ಅಡ್ಡಪ್ರಶ್ನೆ ಕೇಳುತ್ತಾರೆಂದು ನಾವೆಲ್ಲ ತಿಳಿದೆವು. ಅವರು ಬಾಯಿಗೆ ಕೈಯಿಟ್ಟು ಕಿಟಕಿಯತ್ತ ಓಡಿದರು. ಅವರ ಹಿಂದೆ ಇನ್ನಿಬ್ಬರು. ಆಮೇಲೆ ಸಾಲಿಗೆ ಸಾಲೇ. ಡಾಕ್ಟರು "ಪಚನಕ್ರಿಯೆ" ಎಂಬ ಮಾತಿನ ಮೇಲೆ ನಿಂತವರು ಮುಂದಕ್ಕೆ ಹೋಗಲಿಲ್ಲ. ನಾನೂ ಅಂಗಳದ ಹೊಂಗೆ ಮರ ಹಿಡಿದು ವಾಂತಿ ಮಾಡುತ್ತಿದ್ದೆ. ಅದೇ ಮರದ ಆಚೆ ಬದಿ ಹೆಡ್ಮಾಷ್ಟ್ರಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ನಡೆದುಕೊಂಡೆವು.

ಆ ಹೊತ್ತಿಗೇ ತೀರ್ಥಹಳ್ಳಿಯ ಬಸ್ಸು ಬಂತು. ದಾರಿಯಲ್ಲಿ ಕೆಟ್ಟು ತಡವಾಗಿತ್ತು. ಇಳಿದ ಆರು ಜನ ಬಾಯಾರಿ, ಬಾಗಿಲ ಹಿಂದಿನ ಮಡಕೆಯನ್ನು ತಾವೇ ಪತ್ತೆಮಾಡಿ, ಎರಡೆರಡು ಲೋಟ ಕುಡಿದು, "ಪಾನಕ ಅಂದ್ರೆ ಇದು!" ಎಂದರು. ಅವರಿಗೆ ಏನೂ ಆಗಲಿಲ್ಲ. ಮರಕ್ಕೆ ಒರಗಿದ್ದ ಸಾಗರದವರೊಬ್ಬರು ಕ್ಷೀಣ ಸ್ವರದಲ್ಲಿ, "ಇದ್ರಾಗೆ ತೀರ್ಥಳ್ಳಿಯೋರ ಕೈವಾಡ ಐತೆ" ಎಂದರು.

ಸಂಜೆಯ ಹೊತ್ತಿಗೆ ಎಲ್ಲರೂ ಚೇತರಿಸಿಕೊಂಡರು. ಆದರೆ ವೆಂಕಪ್ಪ ಮಾಷ್ಟ್ರು ಬಾವಿಕಟ್ಟೆಯ ಹತ್ತಿರ ಗಣಪಯ್ಯನವರನ್ನು ನಿಲ್ಲಿಸಿ, "ಮದುವೆ ಅಡಿಗೆಗೆ ಬೇರೆಯೋರನ್ನ ನೋಡ್ತೀನಿ. ಬೀಗರ ಎದುರಿಗೆ ಹೀಗಾದ್ರೆ ನನ್ನ ಮಗಳ ಗತಿ ಏನ್ರೀ?" ಎಂದುಬಿಟ್ಟರು. ಒಂದು ಮದುವೆ ತಪ್ಪಿದರೆ ಮುಂದಿನ ಹತ್ತು ಮದುವೆ ತಪ್ಪಿದಂತೆ; ಅಡುಗೆಯವರ ಹೆಸರು ಹಾಗೆ. ಗಣಪಯ್ಯನವರು ಕೈ ಒರೆಸಿಕೊಳ್ಳುತ್ತ ನನ್ನ ಬಳಿಗೆ ಬಂದರು. "ವರದಿ ನೀವೇ ಬರೀತ್ರಂತೆ ಮಾಷ್ಟ್ರೇ. ಇದ್ದದ್ದು ಇದ್ದಂಗೆ ಬರೀರಿ. ನಂಗೆ ಅಷ್ಟೇ ಸಾಕು."

ನಾನು ಬರೆಯಲು ಕುಳಿತೆ. ಯಾರು ಕುಡಿದರು, ಯಾವುದರಿಂದ ಕುಡಿದರು, ಏನಾಯಿತು ಎಂದು ಕಾಗದದ ಮೇಲೆ ಮೂರು ಗೆರೆ ಎಳೆದೆ. ಬಕೆಟಿನಿಂದ ಕುಡಿದವರು ಇಪ್ಪತ್ತಮೂರು, ಮರ ಹಿಡಿದವರು ಇಪ್ಪತ್ತಮೂರು. ಮಡಕೆಯಿಂದ ಕುಡಿದವರು ಆರು, ಅವರು ಊಟದಲ್ಲಿ ಪಾಯಸವನ್ನು ಮೂರು ಸಲ ಹಾಕಿಸಿಕೊಂಡಿದ್ದರು. ಪೆನ್ನು ಕೆಳಗಿಟ್ಟು ಬಕೆಟುಗಳನ್ನು ಬಗ್ಗಿ ನೋಡಿದೆ. ಒಳಗೆ ಸುತ್ತಲೂ ಒಂದು ಗೆರೆ. ಗೆರೆಯ ಮೇಲೆ ಮೊದಲಿನ ಹೊಳಪು, ಕೆಳಗೆ ಬೂದಿ ಬಣ್ಣ. ಅದು ಸರಿಯಾಗಿ ನಾನು ಪಾನಕ ಸುರಿದು ನಿಲ್ಲಿಸಿದ ಮಟ್ಟ.

ಬೆಳಿಗ್ಗೆ ಬಕೆಟು ಹಿಡಿದು ಡಾಕ್ಟರ ಬಳಿಗೆ ಹೋದೆ. ಅವರು ಒಳಗೆ ಬೆರಳಾಡಿಸಿ ನಕ್ಕರು. "ಇದು ಕಲಾಯಿ ಅಲ್ಲ, ಸತು, ನೀವು ಜಿಂಕ್ ಅಂತೀರಲ್ಲ ಅದು. ಹುಳಿ ಸೇರಿದ್ರೆ ಕರಗಿ ಪಾನಕಕ್ಕೆ ಇಳೀತದೆ. ನೀವು ಕುಡಿದಿದ್ದು ಪಾನಕ ಅಲ್ಲ, ಬಕೆಟು."

"ಅಂದರೆ ವಿಷವೇ?" ಎಂದೆ.

"ಹಾಗಲ್ಲ ಮಾಷ್ಟ್ರೇ. ಸತು ಮನುಷ್ಯನಿಗೆ ಬೇಕೇ ಬೇಕು. ಅದು ಸಾಲದಿದ್ರೆ ಮಕ್ಕಳು ಬೆಳೆಯೋದಿಲ್ಲ, ಗಾಯ ಬೇಗ ಮಾಯೋದಿಲ್ಲ ಅಂತ ಈಚೆಗೆ ಹೇಳ್ತಿದಾರೆ. ಆದ್ರೆ ಎಷ್ಟು? ದಿನಕ್ಕೆ ಒಂದು ಚಿಟಿಕೆಗಿಂತ ಎಷ್ಟೋ ಕಮ್ಮಿ. ಹೆಚ್ಚಾದ್ರೆ ಹೊಟ್ಟೆ ಒಪ್ಪೋದಿಲ್ಲ. ಎಳ್ಳು, ಕಡಲೆ, ಮೊಟ್ಟೆ, ಮಾಂಸ ತಿನ್ನೋರಿಗೆ ಮಾಂಸ, ಅದರಲ್ಲೆಲ್ಲ ಇರ್ತದೆ. ನಿನ್ನೆ ನಾನು ಅದನ್ನೇ ಹೇಳೋನಿದ್ದೆ. ನೀವು ಕೇಳೋಕೆ ಕೂರಲಿಲ್ಲ."

ಈಗ ನನಗೆ ನಿಜ ಪೂರ್ತಿ ಗೊತ್ತಾಗಿತ್ತು. ವರದಿ ಮುಗಿಸಿದೆ. "ಒಬ್ಬ ಉಪಾಧ್ಯಾಯರು ಪಾನಕವನ್ನು ಮಡಕೆಯಿಂದ ಬಕೆಟಿಗೆ ಸುರಿದರು" ಎಂದು ಬರೆದೆ. ಇದರಲ್ಲಿ ಸುಳ್ಳೇನೂ ಇಲ್ಲವಷ್ಟೆ. ಹೆಡ್ಮಾಷ್ಟ್ರು ಓದಿ ಕನ್ನಡಕ ತೆಗೆದರು. "ಬಸ್ಸು ಬಂದ ನಿಮಿಷ ಬರ್ದಿದೀರಿ, ಯಾರ್ಯಾರು ಯಾವ ಮರ ಹಿಡಿದ್ರು ಅಂತ ಬರ್ದಿದೀರಿ. ನನ್ನ ಮರಾನೂ ಬಿಟ್ಟಿಲ್ಲ. ಈ ಒಬ್ಬ ಉಪಾಧ್ಯಾಯರು ಯಾರು ಅನ್ನೋದು ಮಾತ್ರ ನಿಮ್ಗೆ ಗೊತ್ತಾಗ್ಲಿಲ್ವ?"

ವರದಿ ತಿದ್ದಿದೆ. ಆದರೆ ಉಪಾಧ್ಯಾಯರ ಸಂಘದ ಕಡತಕ್ಕೆ ಸೇರುವ ಕಾಗದದಿಂದ ಗಣಪಯ್ಯನವರ ಮದುವೆ ಅಡುಗೆ ಉಳಿಯುವುದಿಲ್ಲ. ಮಾರನೆಯ ದಿನ ಸಾಗರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ವೆಂಕಪ್ಪ ಮಾಷ್ಟ್ರ ಜಗಲಿಯಲ್ಲಿ ಕೂತು ಮೊದಲು ಮಳೆಯ ವಿಷಯ, ಆಮೇಲೆ ಬಸ್ಸಿನ ವಿಷಯ, ಆಮೇಲೆ ಕಲಾಯಿಯ ಇತಿಹಾಸ ಹೇಳಿದೆ. ಅವರು ಕಣ್ಣು ಸಣ್ಣಗೆ ಮಾಡಿ, "ಅದೆಲ್ಲ ಇರ್ಲಿ. ಸುರಿದೋರು ಯಾರು?" ಎಂದರು.

"ನಾನು."

"ಸೈಂಧವ ಜಾಸ್ತಿ ಅಂದಿದ್ದು?"

"ಅದೂ ನಾನೇ."

ಬಾಗಿಲ ಸಂದಿಯಿಂದ ಅವರ ಹೆಂಡತಿಯ ಧ್ವನಿ ಬಂತು: "ಹಂಗಾದ್ರೆ ಅಡಿಗೆಯೋರನ್ನ ಯಾಕೆ ಬದಲಾಯ್ಸ್ಬೇಕು? ಕರೆಯೋರ ಪಟ್ಟಿಯಿಂದ ಒಂದು ಹೆಸ್ರು ತೆಗೀರಿ, ಸಾಕು." ವೆಂಕಪ್ಪ ಮಾಷ್ಟ್ರು ತೊಡೆ ತಟ್ಟಿಕೊಂಡು ನಕ್ಕರು. ನಾನೂ ನಕ್ಕೆ, ಎಷ್ಟು ನಗಬಹುದೆಂದು ತಿಳಿಯದೆ, ಸ್ವಲ್ಪವೇ.

ಹೆಸರು ತೆಗೆಯಲಿಲ್ಲ. ಗಣಪಯ್ಯನವರದೇ ಅಡುಗೆ. ಮದುವೆಯ ಪಂಕ್ತಿಯಲ್ಲಿ ಅವರು ಪಾನಕವನ್ನು ಸ್ವತಃ ಹೊತ್ತು ತಂದರು. ನನ್ನೆದುರು ನಿಂತು, ಮಡಕೆಯ ಹೊಟ್ಟೆಗೆ ಬೆರಳಿನಿಂದ ಟಣ್ ಎಂದು ಹೊಡೆದು, "ನೋಡ್ಕಳಿ ಮಾಷ್ಟ್ರೇ, ಮಣ್ಣು" ಎಂದರು. ಪಂಕ್ತಿಯ ಆಚೆ ತುದಿಯವರೂ ತಿರುಗಿ ನೋಡಿದರು. ಎರಡು ಲೋಟ ಕುಡಿದೆ. ಅಷ್ಟು ರುಚಿಯ ಪಾನಕ ಮತ್ತೆ ಕುಡಿದಿಲ್ಲ.

ಆ ಬಕೆಟುಗಳನ್ನು ಶಾಲೆಯಲ್ಲಿ ಯಾರೂ ಮುಟ್ಟಲಿಲ್ಲ. ಹೆಡ್ಮಾಷ್ಟ್ರು ಅವನ್ನು ನನ್ನ ಮನೆಗೇ ಕಳಿಸಿದರು. ಬಚ್ಚಲಲ್ಲಿ ದಿನಾ ಬೆಳಿಗ್ಗೆ ಆ ಗೆರೆಯ ದರ್ಶನವಾಗುತ್ತದೆ. ಮೊನ್ನೆ ಮಗಳ ಮೊಣಕಾಲಿನ ಗಾಯ ಬೇಗ ಒಣಗಲಿಲ್ಲವೆಂದು ನಾನು ಹೆಂಡತಿಗೆ ಸತುವಿನ ಮಹತ್ವವನ್ನು ಸವಿಸ್ತಾರವಾಗಿ ವಿವರಿಸುತ್ತಿದ್ದೆ. ಅವಳು ಎಳ್ಳಿನ ಉಂಡೆ ಕಟ್ಟುತ್ತಿದ್ದವಳು ತಲೆಯೆತ್ತಿ, "ಅವಳಿಗೆ ಉಂಡೆ ಕೊಟ್ಟಾಯ್ತು. ನಿಮ್ಗೆ ಏನು, ಉಂಡೆ ಕೊಡ್ಲೋ, ಬಕೆಟು ನೆಕ್ತೀರೋ?" ಎಂದಳು.

ನಾನು ಉಂಡೆಗೆ ಕೈಯೊಡ್ಡಿದೆ. ಬಾಯಿಗಿಡುವ ಮೊದಲು, ಬೆಲ್ಲದ ಪಾಕವನ್ನು ಯಾವ ಪಾತ್ರೆಯಲ್ಲಿ ಕಾಸಿದ್ದೆಂದು ಮಾತ್ರ ಕೇಳಿದೆ.